ಉಪ್ಪಿನ ಪ್ಯಾಕೆಟ್ಟಿನ ಮೇಲೊಂದು ತಾರೀಕು

"ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ" ಎಂಬ ಗಾದೆಯನ್ನು ಚಿಕ್ಕಂದಿನಿಂದ ಕೇಳುತ್ತಾ ಬಂದವನು ನಾನು. ಒಂದನ್ನು ಉಳಿಸಿಕೊಳ್ಳಲು ಇನ್ನೊಂದನ್ನು ಕಡಿಮೆ ಮಾಡಬೇಕಾದ ದಿನ ಬರುತ್ತದೆಂದು ಮಾತ್ರ ಎಣಿಸಿರಲಿಲ್ಲ.

ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿ ನಮ್ಮೂರು. ಅಮ್ಮಿ ಬಹಳ ವರ್ಷ ಕಾಫಿ ತೋಟದ ಕೆಲಸಕ್ಕೆ ಹೋಗಿ ನಮ್ಮನ್ನು ಸಾಕಿದವರು. ಬುತ್ತಿಯಲ್ಲಿ ಅಕ್ಕಿರೊಟ್ಟಿ, ಉಪ್ಪಿನಕಾಯಿ ಇದ್ದರೆ ಅವರಿಗೆ ಸಾಕಿತ್ತು. ಎರಡು ವರ್ಷದ ಹಿಂದೆ ತಲೆಸುತ್ತು ಎಂದಾಗ ಡಾಕ್ಟರ ಬಳಿ ಕರೆದೊಯ್ದೆ. ಬಿ.ಪಿ. 180/104 ಇತ್ತು. 140/90 ಆದರೇ ಹೆಚ್ಚೆಂದು ಲೆಕ್ಕ. ಡಾಕ್ಟರು ಮಾತ್ರೆ ಬರೆದುಕೊಟ್ಟು, "ಉಪ್ಪು ಕಮ್ಮಿ ಮಾಡಿ" ಎಂದರು.

ನಾವು ಅಮ್ಮಿಗೆ ಬೇರೆ ಪಾತ್ರೆ ಇಟ್ಟೆವು. ಅವರಿಗೆ ಸಪ್ಪೆ ಸಾರು, ನಮಗೆ ಎಂದಿನ ಸಾರು. ದೊಡ್ಡ ಸೇವೆ ಮಾಡುತ್ತಿದ್ದೇವೆಂದೇ ತಿಳಿದಿದ್ದೆ. ಅಮ್ಮಿಯ ಊಟ ಕಡಿಮೆಯಾಯಿತು, ಬಿ.ಪಿ. ಮಾತ್ರ ಇಳಿಯಲಿಲ್ಲ. ಒಂದು ರಾತ್ರಿ ನೀರಿಗೆಂದು ಎದ್ದವನು ನೋಡುತ್ತೇನೆ, ಅಮ್ಮಿ ಅಡುಗೆಮನೆಯ ಕತ್ತಲಲ್ಲಿ ಕುಳಿತು ತಣ್ಣನೆ ರೊಟ್ಟಿಗೆ ಉಪ್ಪಿನಕಾಯಿ ಹಚ್ಚಿಕೊಂಡು ತಿನ್ನುತ್ತಿದ್ದಾರೆ. "ಏನಮ್ಮಿ ಇದು?" ಎಂದೆ. "ನಿಮ್ಮೆಲ್ಲರ ತಟ್ಟೇಲಿ ಒಂದು, ನನ್ನ ತಟ್ಟೇಲಿ ಇನ್ನೊಂದು. ಈ ಮನೇಲಿ ನಾನೇನು ಹೊರಗಿನವಳಾ ಮಗಾ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಮರುದಿನ ನನ್ನಾಕೆ ಹೊಸ ಉಪ್ಪಿನ ಪ್ಯಾಕೆಟ್ ಒಡೆದು ಅದರ ಮೇಲೆ ತಾರೀಕು ಬರೆದಳು. ಒಂದು ಕೆ.ಜಿ. ಉಪ್ಪು ಇಪ್ಪತ್ತೇ ದಿನಕ್ಕೆ ಮುಗಿಯಿತು. ಮನೆಯಲ್ಲಿ ಐದು ಜನ. ಅಂದರೆ ತಲೆಗೆ ದಿನಕ್ಕೆ ಹತ್ತು ಗ್ರಾಂ! ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಐದು ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದಷ್ಟೂ ಬೇಡ. ಹಪ್ಪಳ, ಒಣಮೀನು, ಬೇಕರಿ ಖಾರಾ, ಬ್ರೆಡ್ಡುಗಳಲ್ಲಿ ಅಡಗಿರುವ ಉಪ್ಪು ನಮ್ಮ ಲೆಕ್ಕಕ್ಕೇ ಬಂದಿರಲಿಲ್ಲ. ಉಪ್ಪು ಮೈಯಲ್ಲಿ ನೀರನ್ನು ಹಿಡಿದಿಡುತ್ತದೆ. ರಕ್ತನಾಳಗಳ ಗೋಡೆಯ ಮೇಲೆ ಒತ್ತಡ ಹೆಚ್ಚುತ್ತದೆ. ಅಮ್ಮಿಗೆ ಇಂದು ಬಂದದ್ದು ನಾಳೆ ನಮಗೂ ಬರಬಹುದಲ್ಲವೇ?

ಅಂದಿನಿಂದ ಮನೆಗೆಲ್ಲ ಒಂದೇ ಪಾತ್ರೆ. ಉಪ್ಪನ್ನು ಒಮ್ಮೆಲೇ ನಿಲ್ಲಿಸದೆ ವಾರ ವಾರ ಸ್ವಲ್ಪ ಸ್ವಲ್ಪವೇ ಇಳಿಸಿದೆವು. ನಿಂಬೆಹುಳಿ, ಬೆಳ್ಳುಳ್ಳಿ, ತೋಟದ ಮೆಣಸು ಆ ಕೊರತೆಯನ್ನು ತುಂಬಿದವು. ಪಕ್ಕದ ಮನೆಯ ಅಕ್ಕ ಸೊಪ್ಪಿನ ಬಸ್ಸಾರು ಕಳಿಸುವಾಗ "ಅಮ್ಮಿಗೆ ಅಂತ ಉಪ್ಪು ಕಮ್ಮಿ ಹಾಕಿದೀನಿ" ಎನ್ನತೊಡಗಿದರು. ಹಿಟ್ಟಿನ ಜೊತೆ ಸೊಪ್ಪು, ಹುರಳಿಕಾಳು, ಮಜ್ಜಿಗೆ, ಮೇಲೊಂದು ಬಾಳೆಹಣ್ಣು ಊಟವಾಯಿತು. 1997ರಲ್ಲಿ ಪ್ರಕಟವಾದ ಅಮೆರಿಕದ ಡ್ಯಾಶ್ ಅಧ್ಯಯನ ಹೇಳಿದ್ದೂ ಇದಕ್ಕೆ ಹತ್ತಿರವೇ: ಹಣ್ಣು, ತರಕಾರಿ, ಕೊಬ್ಬು ಕಡಿಮೆಯಿರುವ ಹಾಲು ಮೊಸರು. ಅದರ ಜೊತೆ ಉಪ್ಪನ್ನೂ ಇಳಿಸಿದರೆ ಒತ್ತಡ ಮತ್ತಷ್ಟು ಇಳಿಯುತ್ತದೆಂದು 2001ರ ಅಧ್ಯಯನ ತೋರಿಸಿತು. ರಮಝಾನಿನಲ್ಲಿ ಇಫ್ತಾರಿನ ಸಮೋಸಾ ಜಾಗಕ್ಕೆ ಖರ್ಜೂರ, ಹಣ್ಣು, ಗಂಜಿ ಬಂದವು. ಮಾತ್ರೆಯ ಹೊತ್ತನ್ನು ಡಾಕ್ಟರನ್ನೇ ಕೇಳಿ ಗೊತ್ತುಮಾಡಿಕೊಂಡೆವು.

ಎರಡು ಎಚ್ಚರಿಕೆ ಹೇಳಲೇಬೇಕು. ಅಂಗಡಿಯ 'ಸೋಡಿಯಂ ಕಡಿಮೆ' ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡದ ತೊಂದರೆಯಿದ್ದವರು ಡಾಕ್ಟರನ್ನು ಕೇಳದೆ ಅದನ್ನು ಮುಟ್ಟಬಾರದು. ಇನ್ನೊಂದು, ಬಿ.ಪಿ. ಇಳಿಯಿತೆಂದು ಮಾತ್ರೆ ನಿಲ್ಲಿಸಬಾರದು. ಅಮ್ಮಿಯದು ಈಗ 134/82. "ಇನ್ನು ಮಾತ್ರೆ ಬೇಡ ಅಲ್ವಾ?" ಎಂದು ಕೇಳಿದ್ದಕ್ಕೆ ಡಾಕ್ಟರು, "ಊಟ, ಮಾತ್ರೆ ಎರಡೂ ಸೇರಿ ಇಳಿಸಿದ್ದು, ಎರಡೂ ಇರಲಿ" ಎಂದು ನಕ್ಕರು.

ಕಳೆದ ಪ್ಯಾಕೆಟ್ ಮೂವತ್ತಾರು ದಿನ ಬಂತು. ನಲವತ್ತಕ್ಕೆ ಮುಟ್ಟಿಸಬೇಕೆಂಬುದು ಅಮ್ಮಿಯ ಹಟ. ಹೊಸ ಪ್ಯಾಕೆಟ್ ಒಡೆದಾಗಲೆಲ್ಲ ಮೊಮ್ಮಗಳನ್ನು ಕೂಗುತ್ತಾರೆ: "ಬಾರೇ, ತಾರೀಕು ಬರಿ!"