ಅರಳಿ ಕಟ್ಟಿ ಮ್ಯಾಲಿನ ಲಕ್ಷ್ಮಿ

ಅಲ್ಲರಿ, ನಿಮ್ಮ ಮನ್ಯಾಗ ದೇವರ ಫೋಟೋದ ಗ್ಲಾಸ್ ಒಡೀತಂದ್ರ ಏನ್ ಮಾಡ್ತೀರಿ? ಕಸದ ಗಾಡ್ಯಾಗ ಹಾಕಲಿಕ್ಕೆ ಕೈ ಬರಂಗಿಲ್ಲ, ಮನ್ಯಾಗ ಇಟ್ಗೊಳ್ಳಿಕ್ಕೆ ಮನಸ್ಸಾಗಂಗಿಲ್ಲ. ಒಯ್ದು ಅರಳಿ ಗಿಡದ ಕಟ್ಟಿ ಮ್ಯಾಲೆ ಇಟ್ಟು, ಕೈ ಮುಗದು, ತಿರುಗಿ ನೋಡದ ಬರ್ತೀರಿ. ನಾನೂ ಹಂಗ ಮಾಡಿದಾಕಿನ.

ಹನ್ನೊಂದು ವರ್ಷದ ಹಿಂದಿನ ಮಾತು. ಶ್ರಾವಣ ಶುಕ್ರವಾರ ನಮ್ಮ ಓಣಿ ಹಣಮಪ್ಪನ ಗುಡಿ ಕಟ್ಟಿ ಮ್ಯಾಲೆ ಒಂದು ಲಕ್ಷ್ಮಿ ಫೋಟೋ ಕಂಡ್ತು. ಕಟ್ಟಿಗೆ ಗೆದ್ದಲು ಹತ್ತಿತ್ತು, ಗ್ಲಾಸ್ ಇರಲಿಲ್ಲ. ಆದ್ರ ಲಕ್ಷ್ಮಿ ಸೀರಿ ಅಂಚಿಗೆ ಯಾರೋ ಸೂಜಿಲೆ ಜರಿ ಹೊಲದು ಟಿಕಳಿ ಹಚ್ಚಿದ್ರು. ಕಾಗದದ ಮ್ಯಾಲೆ, ಎಲ್ಲೂ ಹರೀಲಾರದಂಗ, ಅಷ್ಟು ಸಣ್ಣ ಹೊಲಿಗಿ! ನಾನೂ ಹೊಲಿಗಿ ಕಲತಾಕಿ, ಅದಕ್ಕ ಎಷ್ಟು ಮಧ್ಯಾಹ್ನ ಹಿಡದಿರಬೇಕು ಅನ್ನೋದು ನನಗ ಗೊತ್ತು. ಮಳಿ ಹನೀಲಿಕ್ಕೆ ಹತ್ತಿತ್ತು. ಸೆರಗಿನಾಗ ಮುಚ್ಚಿಗೊಂಡು ತಂದೆ.

"ಮಂದಿ ಬಿಟ್ಟ ದೇವರನ್ನ ಯಾರರ ಮನಿಗೆ ತರ್ತಾರೇನ?" ಅಂತ ಅತ್ತಿಯವರು ಹೊಸ್ತಿಲದಾಗ ತಡದ್ರು. ಕಡೀಕೆ ಪಡಸಾಲ್ಯಾಗ ಹಾಕು, ದೇವರ ಖೋಲಿಗೆ ಬ್ಯಾಡ ಅಂತ ರಾಜಿ ಆತು.

ಫೋಟೋದ ತೆಳಗ ಸಣ್ಣ ಇಂಗ್ಲಿಷ್ ಅಕ್ಷರದಾಗ ರವಿವರ್ಮಾ ಪ್ರೆಸ್, ಕಾರ್ಲಾ-ಲೋಣಾವಳಾ ಅಂತಿತ್ತು. ನನಗ ಅಲ್ಲಿಂದ ಹುಚ್ಚು ಹಿಡೀತು ನೋಡ್ರಿ. ರಾಜಾ ರವಿವರ್ಮಾ ಬರದ ಚಿತ್ರ ರಾಜರ ಅರಮನಿಯೊಳಗ ಇರ್ತಿದ್ವು, ನಮ್ಮಂಥವರಿಗೆ ಎಲ್ಲಿ ಕಾಣಬೇಕು? ಅದಕ್ಕ ಅವರು 1894ರಾಗ ಮುಂಬೈದ ಗಿರಗಾವದಾಗ ಒಂದು ಛಾಪಖಾನಿ ಸುರು ಮಾಡಿದ್ರು. ಮೊದಲ ಛಾಪಿಸಿದ್ದು ಶಕುಂತಲಾ ಹುಟ್ಟಿದ ಚಿತ್ರ ಅಂತ. ಮುಂದ ಕೆಲವು ವರ್ಷದಾಗ ಪ್ರೆಸ್ಸು ಲೋಣಾವಳಾದ ಕಡೆ ಮಳವಲಿಗೆ ಹೋತು. ಸಾಲ ಭಾಳ ಆಗಿ ಅಲ್ಲೇ ಇದ್ದ ಶ್ಲೈಶರ್ ಅನ್ನೋ ಜರ್ಮನಿಯವರಿಗೆ ಮಾರಿದ್ರು. 1906ರಾಗ ರವಿವರ್ಮಾ ತೀರಿಹೋದ್ರೂ ಪ್ರೆಸ್ಸು ನಡದಿತ್ತು. 1972ರಾಗ ಬೆಂಕಿ ಬಿದ್ದು ಭಾಳಷ್ಟು ಸುಟ್ಟು ಹೋತು. ನನ್ನ ಮಗಳು ಪುಣ್ಯಾದಾಗ ಇರ್ತಾಳ. ಲೋಣಾವಳಾಕ್ಕ ಹೋಗೋ ಲೋಕಲ್ ಟ್ರೇನಿನಾಗ ಮಳವಲಿ ಸ್ಟೇಶನ್ ಬಂದಾಗೆಲ್ಲಾ ನಾ ಖಿಡಕಿಗೆ ಹಣಿ ಹಚ್ಚತೇನಿ.

ಆಗಿನ ಛಾಪಿ ಅಂದ್ರ ಕಲ್ಲಿನ ಛಾಪಿ. ಜರ್ಮನಿಯಿಂದ ತಂದ ನುಣ್ಣನ್ನ ಸುಣ್ಣದ ಕಲ್ಲಿನ ಮ್ಯಾಲೆ ಜಿಡ್ಡಿನ ಮಸಿಲೆ ಚಿತ್ರ ತಗೀಬೇಕು, ಆಮ್ಯಾಲೆ ಕಲ್ಲು ತೋಯಿಸಬೇಕು. ಜಿಡ್ಡು ಇದ್ದಲ್ಲೆ ನೀರು ನಿಲ್ಲಂಗಿಲ್ಲ, ನೀರು ಇದ್ದಲ್ಲೆ ಎಣ್ಣಿ ಬಣ್ಣ ಹತ್ತಂಗಿಲ್ಲ. ಅಷ್ಟ ಅದರ ಗುಟ್ಟು. ಒಂದೊಂದು ಬಣ್ಣಕ್ಕ ಒಂದೊಂದು ಕಲ್ಲು. ಅದ ಕಾಗದ ಮತ್ತ ಮತ್ತ ಒತ್ತಬೇಕು, ಕೂದಲೆಳಿಯಷ್ಟು ಸರದ್ರೂ ಲಕ್ಷ್ಮಿ ತುಟಿ ಗಲ್ಲಕ್ಕ ಹೋಗತದ! ಹಳೇದು ಹೌದೋ ಅಲ್ಲೋ ನೋಡಲಿಕ್ಕೆ ಭೂತಗನ್ನಡಿ ಹಿಡೀರಿ. ಕಲ್ಲಿನ ಛಾಪ್ಯಾಗ ಚುಕ್ಕಿ ಸಣ್ಣದು ದೊಡ್ಡದು, ಕೈಲೆ ಇಟ್ಟಂಗ ಇರ್ತಾವ. ಈಗಿನ ಆಫ್‌ಸೆಟ್‌ನಾಗ ರಂಗೋಲಿ ಚುಕ್ಕಿಗತೆ ಸಾಲಾಗಿ ಕೂತಿರ್ತಾವ.

ಹಂಗ ನನ್ನ ಹತ್ರ ಈಗ ಏಳು ಆಗ್ಯಾವ. ಮೂರು ಕಟ್ಟಿ ಮ್ಯಾಲಿನ್ವು, ಎರಡು ಸಂಬಂಧಿಕರ ಅಟ್ಟದಾಗಿನ್ವು, ಒಂದು ರದ್ದಿ ಅಂಗಡ್ಯಾಗ ಐವತ್ತು ರೂಪಾಯಿಗೆ ಸಿಕ್ಕದ್ದು. ಏಳನೇದು ಅವ್ವನ ಸರಸ್ವತಿ.

ತವರಮನಿ ಮಾರೋ ಮುಂದ ನಿನಗೇನು ಬೇಕು ಅಂತ ಅಣ್ಣ ಕೇಳಿದಾಗ ನಾ ತಗೊಂಡಿದ್ದು ಅದೊಂದ. ಅದರ ಮುಂದ ಕೂತು ನಾನು ಅಕ್ಷರ ತಿದ್ದೇನಿ. ದಸರಾದಾಗ ಸರಸ್ವತಿ ಪೂಜಿಗೆ ಅಂತ ಕಟ್ಟು ಬಿಚ್ಚಿ, ಎಣ್ಣಿ ಬಣ್ಣಕ್ಕ ನೀರೇನು ಮಾಡತದ ಅಂತ ಹಸಿ ಅರಿವಿಲೆ ಒರಸಿದೆ. ಬಣ್ಣ ಕರಗಲಿಲ್ಲ ಖರೆ, ಕಾಗದನ ಎದ್ದು ಬಂತು. ಕಣ್ಣು, ಮೂಗು, ತುಟಿ ಎಲ್ಲಾ ಅರಿವ್ಯಾಗ. ನೂರು ವರ್ಷ ಕಾದ ಮುಖ ನನ್ನ ಕೈಯಾಗ ಹೋತು. ಬೈಲಿಕ್ಕೂ ಅವ್ವ ಇರಲಿಲ್ಲ. ಆ ಅರಿವಿ ಹಿಡಕೊಂಡು ನೆಲದ ಮ್ಯಾಲೆ ಕೂತುಬಿಟ್ಟೆ.

ಅತ್ತಿಯವರು ಬಂದು ನೋಡಿದ್ರು. ಕಟ್ಟಿ ಮ್ಯಾಲೆ ಇಟ್ಟು ಬಾ ಅಂತಾರ ಅಂತ ನಾ ಗಟ್ಟಿ ಮಾಡಕೊಂಡಿದ್ದೆ. ಅವರು ಮಣಿ ಮ್ಯಾಲಿನ ಪುಸ್ತಕದ ಹಿಂದ ಅದನ್ನ ನಿಂದರಿಸಿ, "ಮುಖ ಹೋದ್ರ ಏನಾತು, ವೀಣಾ ಅದ ಅಲ್ಲ" ಅಂದು ಹೂವು ಏರಿಸಿದ್ರು. ಅವತ್ತ ಮಂಗಳಾರತಿ ತಾಟು ಪಡಸಾಲಿಗೆ ಒಯ್ದು ಕಟ್ಟಿ ಲಕ್ಷ್ಮಿಗೂ ಎರಡು ಸುತ್ತು ತಿರುಗಿಸಿದ್ರು. ನಾ ಏನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅತ್ತಿಯವರು ಈಗಿಲ್ಲ. ಮಗಳ ಬಾಡಿಗಿ ಫ್ಲ್ಯಾಟಿನಾಗ ಗ್ವಾಡಿಗೆ ಮೊಳಿ ಹೊಡ್ಯೋಹಂಗಿಲ್ಲ. ನನ್ನ ಹಿಂದ ಇವು ಮತ್ತ ಯಾವುದರೆ ಕಟ್ಟಿ ಮ್ಯಾಲೆ ಕೂಡಬಹುದು, ಕೂಡಲಿ. ಹೋದ ವಾರ ಏಳೂ ಇಳಿಸಿ, ಹಿಂದಿನ ರಟ್ಟಿನ ಮ್ಯಾಲೆ ಪೆನ್ಸಿಲ್‌ಲೆ ಬರದಿಟ್ಟೇನಿ: ಎಲ್ಲಿ ಸಿಕ್ತು, ಯಾವ ವರ್ಷ, ಯಾರ ಮನೀದು. ಎಲ್ಲಾದರ ತೆಳಗೂ ಒಂದ ಸಾಲು: ಒರಸೂದಿದ್ರ ಒಣಾ ಅರಿವಿಲೆ ಒರಸ್ರಿ.