ನೀರಿನ ಮೇಲೆ ಒಂದು ದಿನದ ಸಂಸಾರ

ನಮ್ಮ ಕಡೆಯ ಜನರು ಊರು ಬಿಟ್ಟು ಹೊರಡಬೇಕಾದರೆ ಏನಾದರೊಂದು ಕಾರಣ ಬೇಕು. ಮದುವೆ, ತೊಟ್ಟಿಲು, ಕೋರ್ಟಿನ ವಾಯಿದೆ, ಕೊಟ್ಟೂರಿನ ತೇರು, ಉಜ್ಜಿನಿಯ ಜಾತ್ರೆ, ಹೆಚ್ಚೆಂದರೆ ಶ್ರೀಶೈಲದ ಯಾತ್ರೆ, ಇವುಗಳಲ್ಲೊಂದು ಒದಗಿಬಂದಲ್ಲದೆ ನಾವು ಬುತ್ತಿ ಕಟ್ಟುವವರಲ್ಲ. ಸುಮ್ಮನೆ ಕುಳಿತಿರುವುದಕ್ಕಾಗಿಯೇ ಹಣ ತೆತ್ತು ದೂರದೂರಿಗೆ ಹೋಗುವುದು ನಮ್ಮ ಹಿರಿಯರ ಲೆಕ್ಕದಲ್ಲಿ ಬಾರದ ಮಾತು. ಆದರೆ ಕಾಲ ಬದಲಾಗಿದೆ. ವಿಶ್ರಾಂತಿಯೂ ಒಂದು ಕಾರಣವೇ ಎಂದು ಈಗ ಹಳ್ಳಿಯವರೂ ಒಪ್ಪತೊಡಗಿದ್ದಾರೆ. ಹಾಗೆ ಒಪ್ಪಿದೊಡನೆ, ಆ ವಿಶ್ರಾಂತಿಯು ಮನೆಯಲ್ಲಿ ಮೊದಲು ಯಾರಿಗೆ ಸಲ್ಲತಕ್ಕದ್ದು ಎಂಬ ಇನ್ನೊಂದು ಪ್ರಶ್ನೆ ತಾನಾಗಿಯೇ ಏಳುತ್ತದೆ. ಈಚೆಗೆ ನಮ್ಮ ಮನೆಯಲ್ಲಿ ನಡೆದ ಒಂದು ಪ್ರಯಾಣದ ಸಿದ್ಧತೆಯಿಂದ ಈ ಪ್ರಶ್ನೆ ನನಗೆ ಸ್ಪಷ್ಟವಾಯಿತಾದ್ದರಿಂದ, ಗೃಹಸ್ಥರಾದ ವಾಚಕರ ಮುಂದೆ ಅದನ್ನು ಇಡುತ್ತಿದ್ದೇನೆ.

ನಮ್ಮ ಊರು ಕಾನಹೊಸಹಳ್ಳಿ. ಚಿತ್ರದುರ್ಗದಿಂದ ಹೊಸಪೇಟೆಗೆ ಹೋಗುವ ಹೆದ್ದಾರಿಯಲ್ಲಿ ಸಂಚರಿಸಿದವರು ಇದನ್ನು ಕಂಡೇ ಇರುತ್ತಾರೆ. ಶೇಂಗಾ, ಜೋಳ, ಮೆಕ್ಕೆಜೋಳಗಳ ಸೀಮೆ. ವರ್ಷವಿಡೀ ಹರಿಯುವ ಹೊಳೆ ನಮಗಿಲ್ಲ. ಕೆರೆ ಒಂದು ವರ್ಷ ತುಂಬಿದರೆ ಮರುವರ್ಷ ಅದರಲ್ಲಿ ದನ ಮೇಯುತ್ತವೆ. ನೀರೆಂದರೆ ನಮ್ಮ ಹೆಂಗಸರಿಗೆ ಎಷ್ಟು ಕೊಡ ಎಂಬ ಎಣಿಕೆ, ಗಂಡಸರಿಗೆ ಕೊಳವೆಬಾವಿ ಎಷ್ಟು ಅಡಿ ಇಳಿಯಿತೆಂಬ ಚಿಂತೆ. ಹಂಪೆಗೆ ಹೋದಾಗ ಹರಿಗೋಲಿನಲ್ಲಿ ಕುಳಿತು ತುಂಗಭದ್ರೆಯನ್ನು ದಾಟಿದುದೇ ನಮ್ಮ ಮನೆಯವರು ಮಾಡಿದ ಏಕಮಾತ್ರ ಜಲಯಾನ. ಇಂತಹ ಮನೆಯಲ್ಲಿ, ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗಳು ಬಂದು, “ಅಪ್ಪಾ, ಎಲ್ಲರೂ ಸೇರಿ ಒಂದು ದೋಣಿಯನ್ನೇ ಬಾಡಿಗೆಗೆ ಹಿಡಿಯೋಣ. ನಡೆಸುವವರು, ಅಡಿಗೆಯವರು ಎಲ್ಲಾ ಅದರಲ್ಲೇ ಇರ್ತಾರೆ. ಅಮ್ಮ ಒಂದು ದಿನವಾದರೂ ಒಲೆ ಬಿಟ್ಟು ಕೂಡಲಿ” ಎಂದಾಗ, ನನ್ನ ಹೆಂಡತಿಯು, “ನೀರಿನ ಮ್ಯಾಲೆ ಮಲಗೋದಕ್ಕೂ ರೊಕ್ಕ ಕೊಡ್ತಾರೇನು?” ಎಂದು ನಕ್ಕು ಒಳಗೆ ಹೋದಳು. ಆದರೂ ಮಾತು ಬಿದ್ದುಹೋಗಲಿಲ್ಲ.

ಹಡಗನ್ನು ಆಳುಗಳ ಸಮೇತ ಬಾಡಿಗೆ ಹಿಡಿಯುವ ಪದ್ಧತಿ ಐಶ್ವರ್ಯವಂತರ ದೇಶಗಳಲ್ಲಿ ಬಹುದಿನಗಳಿಂದ ಇದೆ. ಗ್ರೀಸ್, ಇಟಲಿ, ಫ್ರಾನ್ಸುಗಳ ಕಡಲಂಚಿನಲ್ಲಿ ಬೇಸಗೆ ಬಂತೆಂದರೆ ವಿಹಾರನೌಕೆಗಳನ್ನು ವಾರದ ಲೆಕ್ಕದಲ್ಲಿ ಗೊತ್ತುಮಾಡಿಕೊಳ್ಳುತ್ತಾರೆ. ಕಪ್ತಾನ, ಅಡಿಗೆಯವನು, ಬಡಿಸುವವರು, ಹಗ್ಗ ಎಳೆಯುವವರು ಎಲ್ಲರೂ ಆ ಬಾಡಿಗೆಯೊಳಗೇ ಬರುತ್ತಾರೆ. ಎಣ್ಣೆ, ದಿನಸಿ, ಬಂದರಿನ ಸುಂಕಗಳಿಗಾಗಿ ಬಾಡಿಗೆಯ ಮೇಲೆ ನೂರಕ್ಕೆ ಸುಮಾರು 30ರಷ್ಟನ್ನು ಮುಂಗಡವಾಗಿ ಕಪ್ತಾನನ ಕೈಗೆ ಒಪ್ಪಿಸುವುದು ವಾಡಿಕೆ. ಆತನು ಕಡೆಯಲ್ಲಿ ಲೆಕ್ಕ ತೋರಿಸಿ ಉಳಿದುದನ್ನು ಹಿಂದಿರುಗಿಸುತ್ತಾನೆ. ಆಳುಗಳ ಇನಾಮು ಬೇರೆ. ಹೊರಡುವುದಕ್ಕೆ ಕೆಲವು ವಾರಗಳ ಮುಂಚೆಯೇ ಅತಿಥಿಗಳಿಗೆ ಒಂದು ಪಟ್ಟಿ ಬರುತ್ತದೆ: ಯಾರಿಗೆ ಯಾವ ಊಟ ಇಷ್ಟ, ಯಾವುದು ಆಗದು, ಎಷ್ಟು ಹೊತ್ತಿಗೆ ಏಳುವಿರಿ, ಮಕ್ಕಳೆಷ್ಟು, ಈಜು ಬರುವುದೋ ಎಂದು ಒಬ್ಬೊಬ್ಬರ ಹೆಸರಿನ ಮುಂದೆಯೂ ಬರೆದು ಕಳುಹಿಸಬೇಕು. ಇಷ್ಟೆಲ್ಲ ಹಣ ತೆತ್ತವನಾದರೂ ಗಾಳಿಮಳೆಯ ವಿಷಯದಲ್ಲಿ ಕಪ್ತಾನನ ಮಾತನ್ನು ಮೀರುವಂತಿಲ್ಲ. ಇದನ್ನೆಲ್ಲ ಮಗಳು ಓದಿ ಹೇಳಿದಾಗ ನನಗೆ ತೋಚಿದುದು ಇಷ್ಟು: ಇಲ್ಲಿ ಬಾಡಿಗೆಗೆ ಹಿಡಿಯುವುದು ಮರದ ಹಡಗನ್ನಲ್ಲ, ನಾಲ್ಕಾರು ಮನುಷ್ಯರ ದುಡಿಮೆಯನ್ನು.

ನಮ್ಮ ಅಳತೆಗೆ ತಕ್ಕ ವಿಹಾರನೌಕೆ ಕೇರಳದ ದೋಣಿಮನೆ. ಅದರ ಮೂಲ ಕೆಟ್ಟುವಳ್ಳವೆಂಬ ಸರಕಿನ ದೋಣಿ. ‘ಕೆಟ್ಟು’ ಎಂದರೆ ಕಟ್ಟುವುದು, ‘ವಳ್ಳ’ ಎಂದರೆ ದೋಣಿ. ಹೆಬ್ಬಲಸಿನ ಹಲಗೆಗಳನ್ನು ಒಂದು ಮೊಳೆಯನ್ನೂ ಹೊಡೆಯದೆ ತೆಂಗಿನ ನಾರಿನ ಹುರಿಯಿಂದ ಹೊಲಿದು, ಗೇರುಬೀಜದಿಂದ ತೆಗೆದ ಕಪ್ಪು ಅಂಟನ್ನು ಬಳಿದು ಅದನ್ನು ಸಿದ್ಧಪಡಿಸುತ್ತಿದ್ದರು. ಕುಟ್ಟನಾಡಿನ ಭತ್ತವನ್ನೂ ಸಾಂಬಾರ ಪದಾರ್ಥಗಳನ್ನೂ ಹೊತ್ತು ಅದು ಕೊಚ್ಚಿಯ ಬಂದರಿಗೆ ಹೋಗುತ್ತಿತ್ತು. ರಸ್ತೆ, ಸೇತುವೆ, ಲಾರಿಗಳು ಬಂದ ಮೇಲೆ ಅದಕ್ಕೆ ಕೆಲಸ ತಪ್ಪಿತು. 1990ರ ದಶಕದ ಮೊದಲಲ್ಲಿ ಕೆಲವರು ಆ ದೋಣಿಗಳ ಮೇಲೆ ಬಿದಿರು, ಚಾಪೆಗಳ ಮಾಡು ಕಟ್ಟಿ, ಮಲಗುವ ಕೋಣೆ, ಬಚ್ಚಲು, ಅಡಿಗೆಮನೆಗಳನ್ನು ಮಾಡಿ ಪ್ರವಾಸಿಗರಿಗೆ ಒದಗಿಸತೊಡಗಿದರು. ಭತ್ತದ ಮೂಟೆ ಕೂರುತ್ತಿದ್ದ ಜಾಗದಲ್ಲಿ ಈಗ ಮನುಷ್ಯರು ಕೂರುತ್ತಾರೆ.

ಆಲಪ್ಪುಳೆಯಲ್ಲಿ ಇಂತಹ ದೋಣಿಗಳು ಲೆಕ್ಕವಿಲ್ಲದಷ್ಟಿವೆ. ಆದರೆ ಅದು ನಮಗೆ ಬಹುದೂರ. ವಿಚಾರಿಸಲಾಗಿ, ಕಾಸರಗೋಡು ಜಿಲ್ಲೆಯ ನೀಲೇಶ್ವರದ ಬಳಿ ಕೋಟ್ಟಪ್ಪುರವೆಂಬಲ್ಲಿಯೂ ದೋಣಿಮನೆಗಳುಂಟೆಂದು ತಿಳಿಯಿತು. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ ಬರುವ ತೇಜಸ್ವಿನಿ ನದಿಯೂ ವಲಿಯಪರಂಬದ ಹಿನ್ನೀರೂ ಅಲ್ಲಿ ಸೇರುತ್ತವೆ. ಕಾಸರಗೋಡೆಂದ ಕೂಡಲೆ ನನ್ನ ಮನಸ್ಸು ಅತ್ತ ಒಲಿಯಿತು. ನಮ್ಮ ಕೂಡ್ಲಿಗಿ ತಾಲ್ಲೂಕೂ ಆ ಸೀಮೆಯೂ ಒಂದು ಕಾಲಕ್ಕೆ ಒಂದೇ ಮದರಾಸು ಪ್ರಾಂತದಲ್ಲಿದ್ದವು. ನಾವು 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರಿದೆವು. ಅವರು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದರು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕನ್ನಡನಾಡಿಗೆ ಸಲ್ಲಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದರೂ ಅದು ಕಾಗದದಲ್ಲಿಯೇ ಉಳಿಯಿತು. ನೀಲೇಶ್ವರ ಆ ಹೊಳೆಯ ದಕ್ಷಿಣಕ್ಕಿದೆ, ನಿಜ. ಆದರೆ ದಾರಿಯಲ್ಲಿ ಗೋವಿಂದ ಪೈಗಳ ಮಂಜೇಶ್ವರವೂ, ಶಿವಪ್ಪನಾಯಕನ ಹೆಸರು ಹೇಳುವ ಬೇಕಲ ಕೋಟೆಯೂ ಸಿಕ್ಕುತ್ತವೆ. ಶಿವಮೊಗ್ಗ, ಆಗುಂಬೆ, ಉಡುಪಿ, ಮಂಗಳೂರುಗಳ ಮೇಲೆ ಹೋದರೆ ಅವ್ವನಿಗೆ ಘಟ್ಟವನ್ನೂ ಕಡಲನ್ನೂ ಒಂದೇ ಪ್ರಯಾಣದಲ್ಲಿ ತೋರಿಸಿದಂತಾಗುತ್ತದೆ. ಎಪ್ಪತ್ತೆಂಟು ವರ್ಷದ ಅವ್ವ ಇದುವರೆಗೆ ಕಡಲನ್ನು ಕಂಡವಳಲ್ಲ.

ಇನ್ನು ದೋಣಿಯ ಕ್ರಮ. ಸಾಮಾನ್ಯವಾಗಿ ಮಧ್ಯಾಹ್ನ 12 ಗಂಟೆಯ ವೇಳೆಗೆ ಹತ್ತಿದರೆ ಮರುದಿನ ಬೆಳಿಗ್ಗೆ 9ಕ್ಕೆ ಇಳಿಯಬೇಕು. ಮಧ್ಯಾಹ್ನದ ಊಟ, ಸಂಜೆಯ ಚಹ, ರಾತ್ರಿಯ ಊಟ, ಬೆಳಗಿನ ತಿಂಡಿ ಬಾಡಿಗೆಯಲ್ಲಿಯೇ ಸೇರಿರುತ್ತವೆ. ಇಪ್ಪತ್ತೊಂದು ಗಂಟೆಯೂ ದೋಣಿ ತೇಲಾಡುತ್ತಲೇ ಇರುತ್ತದೆಂದು ಭಾವಿಸಬಾರದು. ಕತ್ತಲಾಗುವ ಮುಂಚೆ ದಡಕ್ಕೆ ಕಟ್ಟಿಬಿಡುತ್ತಾರೆ. ರಾತ್ರಿ ಮೀನುಗಾರರು ಬಲೆ ಬಿಡುವ ಹೊತ್ತು. ಅವರ ಅನ್ನಕ್ಕೆ ಅಡ್ಡಿಯಾಗದಿರಲೆಂದು ಈ ಕಟ್ಟಳೆ. ತಂಪುಯಂತ್ರವಿದ್ದರೂ ಅನೇಕ ದೋಣಿಗಳಲ್ಲಿ ಅದು ನಡೆಯುವುದು ರಾತ್ರಿ ಮಾತ್ರ. ಇವನ್ನು ಮೊದಲೇ ಕೇಳಿ ತಿಳಿದರೆ ಆಮೇಲೆ ಜಗಳಕ್ಕೆ ಎಡೆಯಿರುವುದಿಲ್ಲ. ಮುದುಕರಿದ್ದ ಪಕ್ಷದಲ್ಲಿ, ದಡದಿಂದ ದೋಣಿಗೆ ಹಾಯುವ ಹಲಗೆಗೆ ಹಿಡಿಕೆಯುಂಟೋ, ಕೋಣೆ ಕೆಳಗಿದೆಯೋ ಮೇಲಿದೆಯೋ, ಶೌಚದಲ್ಲಿ ಕುರ್ಚಿಯಂತೆ ಕುಳಿತುಕೊಳ್ಳುವ ಅನುಕೂಲವುಂಟೋ ಎಂಬುದನ್ನೂ ಕೇಳಬೇಕು. ಅವ್ವನ ಮೊಣಕಾಲುಗಳ ಮಾತು ಇದರಲ್ಲಿ ಎಲ್ಲಕ್ಕಿಂತ ಮುಖ್ಯವಾಯಿತು.

ಒಂದು ವಿಷಯದಲ್ಲಿ ಮಾತ್ರ ಸಂಕೋಚ ಕೂಡದು. 2019ರ ಜನವರಿಯಲ್ಲಿ ಕಾರವಾರದ ಬಳಿ ಕೂರ್ಮಗಡದ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ 16 ಜನರು ಹೋದರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ವಿಹಾರದ ದೋಣಿ ಮುಳುಗಿ 22 ಜನರು ಸತ್ತರು. ಅವರಲ್ಲಿ ಮಕ್ಕಳೇ ಬಹಳ. ಮಿತಿ ಮೀರಿ ಜನರನ್ನು ತುಂಬಿದುದೇ ಎರಡು ಕಡೆಯೂ ಕೇಳಿಬಂದ ಮಾತು. ಆದುದರಿಂದ ದೋಣಿಗೆ ಪರವಾನಗಿ ಉಂಟೇ, ಎಷ್ಟು ಜನಕ್ಕೆ ಉಂಟು, ತೇಲುವ ಅಂಗಿಗಳು ತಲೆಗೊಂದರಂತೆ ಇವೆಯೇ, ಮಕ್ಕಳ ಅಳತೆಯವು ಬೇರೆ ಇವೆಯೇ ಎಂದು ನಾಚಿಕೆಯಿಲ್ಲದೆ ಕೇಳತಕ್ಕದ್ದು. ತೊಡೆಯ ಮೇಲಿನ ಕೂಸನ್ನೂ ಒಂದು ತಲೆಯೆಂದೇ ಎಣಿಸಬೇಕು. ನಾವು ದೊಡ್ಡವರೂ ಮಕ್ಕಳೂ ಸೇರಿ ಒಂಬತ್ತು ಜನ. ಮಳೆಗಾಲವನ್ನು ಬಿಟ್ಟು, ಶೇಂಗಾ ಮಾರಿಯಾದ ಮೇಲೆ, ಕ್ರಿಸ್‌ಮಸ್ಸಿನ ನೂಕುನುಗ್ಗಲಿಗೂ ಏರುವ ಬಾಡಿಗೆಗೂ ಮೊದಲು, ಡಿಸೆಂಬರಿನ ಎರಡನೆಯ ವಾರವೆಂದು ನಿಶ್ಚಯಿಸಿದೆವು.

ಹಣದ ಮಾತಿಗೆ ನನ್ನ ತಮ್ಮನ ಆಕ್ಷೇಪಣೆ ಬಂತು. “ಅಣ್ಣಾ, ಮೋಟಾರು ಸುಟ್ಟು ಕುಂತದೆ. ಇದೇ ರೊಕ್ಕದಾಗ ಅದು ಆಗ್ತಿತ್ತಲ್ಲ” ಎಂದನು. ಅವನ ಮಾತು ಸುಳ್ಳಲ್ಲ. ಆದರೆ ಒಕ್ಕಲುತನದವನ ಮನೆಯಲ್ಲಿ ಸುಟ್ಟ ಮೋಟಾರಿಲ್ಲದ ವರ್ಷ ಯಾವುದಿದೆ? ಅದು ಮುಗಿಯಲೆಂದು ಕಾದರೆ ಅವ್ವನ ಕಾಲು ಕಾಯುವುದಿಲ್ಲ. ಮೋಟಾರಿಗೆ ಬೇರೆ ದಾರಿ ಹುಡುಕುವುದೆಂದೂ, ದೋಣಿಯ ಖರ್ಚನ್ನು ನಾನೂ ಮಗಳೂ ಹಂಚಿಕೊಳ್ಳುವುದೆಂದೂ ಗೊತ್ತಾಯಿತು.

ಆಮೇಲೆ ಬಂದುದು ಊಟದ ಪಟ್ಟಿ. ದೋಣಿಯವರು ದೂರವಾಣಿಯಲ್ಲಿ, ಅರ್ಧ ಕನ್ನಡ ಅರ್ಧ ಮಲಯಾಳದಲ್ಲಿ, ಯಾರಿಗೆ ಏನು ಬೇಕೆಂದು ಬರೆದು ಕಳುಹಿಸಲು ಹೇಳಿದ್ದರು. ಮಗಳು ಪಡಸಾಲೆಯಲ್ಲಿ ಕುಳಿತು ಬರೆಯತೊಡಗಿದಳು. ನಾವು ಶಾಕಾಹಾರಿಗಳು, ಮೀನು ಬೇಯಿಸಿದ ಪಾತ್ರೆ ಬೇಡ. ಕೆಂಪು ಕುಚ್ಚಲಕ್ಕಿಯ ಬದಲು ಬೆಳ್ಳನ್ನ. ತೆಂಗಿನೆಣ್ಣೆಯ ಒಗ್ಗರಣೆಯ ವಾಸನೆ ಅವ್ವನಿಗಾಗದು; ಶೇಂಗಾ ಎಣ್ಣೆಯ ಡಬ್ಬಿಯನ್ನು ನಾವೇ ತರುತ್ತೇವೆ. ನನಗೆ ಚಹದಲ್ಲಿ ಸಕ್ಕರೆ ಬೇಡ. ತಮ್ಮನಿಗೆ ಖಾರ ಮುಂದಾಗಿರಬೇಕು. ಮಕ್ಕಳಿಗೆ ಮೊಸರು, ಬಾಳೆಹಣ್ಣು. ಇದನ್ನೆಲ್ಲ ಒಳಗಿನಿಂದ ಹೇಳುತ್ತಿದ್ದವಳು ನನ್ನ ಹೆಂಡತಿಯೇ. ಯಾರ ನಾಲಗೆ ಏನನ್ನು ಒಪ್ಪುತ್ತದೆ, ಯಾರ ಹೊಟ್ಟೆ ಏನನ್ನು ತಾಳದು ಎಂಬುದು ಆಕೆಗೆ ಬಾಯಿಪಾಠ. ಕಡೆಗೆ ಮಗಳು, “ಅಮ್ಮಾ, ನಿನ್ನ ಹೆಸರಿನ ಮುಂದೆ ಏನು ಬರೀಲಿ?” ಎಂದು ಕೇಳಿದಳು.

ಒಳಗಿನಿಂದ ಉತ್ತರ ಬರಲಿಲ್ಲ. ಪಡಸಾಲೆಯಲ್ಲಿದ್ದ ನಾವು ಒಬ್ಬರ ಮುಖವನ್ನೊಬ್ಬರು ನೋಡಿದೆವು. ಆಕೆಯ ಪರವಾಗಿ ಹೇಳಬಲ್ಲವರು ಯಾರೂ ಇರಲಿಲ್ಲ. ಆಕೆ ಹೊರಗೆ ಬಂದು, “ನನಗೇನು, ಎಲ್ಲಾರಿಗೂ ಮಾಡಿದ್ದೇ ನನಗೂ” ಎಂದಳು. ಮಗಳು ಬಿಡಲಿಲ್ಲ. ಆಕೆ ಸ್ವಲ್ಪ ಹೊತ್ತು ಯೋಚಿಸಿ, “ಏನಾರ ಇರ್ಲಿ, ಬಿಸಿ ಇದ್ರೆ ಸಾಕು” ಎಂದಳು.

ಮೂಲೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅವ್ವ ತಲೆಯೆತ್ತದೆ, “ಅದನ್ನ ಬರಕೊಳ್ಳೇ. ನಂದೂ ಅದೇ ಬರಿ” ಎಂದಳು.

ಇದರ ಅರ್ಥವನ್ನು ಗೃಹಿಣಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ರೊಟ್ಟಿ ಬಡಿಯುವವಳು ಎಲ್ಲರಿಗೂ ಹೆಂಚಿನಿಂದ ಇಳಿದುದನ್ನೇ ಬಡಿಸಿ, ತಾನು ಕಡೆಯಲ್ಲಿ ಆರಿದುದನ್ನು ಉಣ್ಣುತ್ತಾಳೆ. ಇದು ನಮ್ಮ ಸೀಮೆಯ ಯಾವ ಮನೆಗೂ ಹೊಸದಲ್ಲ. ಅತ್ತೆಯೂ ಹಾಗೆಯೇ ಉಂಡವಳು, ಸೊಸೆಯೂ ಹಾಗೆಯೇ ಉಣ್ಣುತ್ತಿರುವವಳು. ಇಬ್ಬರೂ ಒಂದೇ ಮಾತನ್ನು ಬರೆಸಿದುದನ್ನು ಕೇಳಿದ ಮೇಲೆ, ನನ್ನ ತಮ್ಮನು ಮೋಟಾರಿನ ಮಾತನ್ನು ಮತ್ತೆ ಎತ್ತಲಿಲ್ಲ. ದೋಣಿಯವರಿಗೆ ಹೋದ ಪಟ್ಟಿಯಲ್ಲಿ ಮೊದಲನೆಯ ಸಾಲು ಹೀಗಿದೆ: “ಹೆಂಗಸರಿಗೆ ಮೊದಲ ಪಂಕ್ತಿಯಲ್ಲಿ ಬಿಸಿಯೂಟ ಬಡಿಸಬೇಕು.” ಅವರು ಅದನ್ನು ಓದಿ ಏನೆಂದುಕೊಂಡರೋ, “ಆಗಲಿ, ಹಾಗೇ ಆಗುತ್ತದೆ” ಎಂದಿದ್ದಾರೆ.

ದೋಣಿ ಹಿಡಿಯಲಾರದ ಗೃಹಸ್ಥರೂ ಇಂತಹ ಒಂದು ಪಟ್ಟಿಯನ್ನು ಮನೆಯಲ್ಲಿ ಬರೆದು ನೋಡಬಹುದು. ಅದಕ್ಕೆ ಬಾಡಿಗೆಯಿಲ್ಲ. ನಮ್ಮ ಮನೆಯಲ್ಲಿ ಈಗ ವಾರಕ್ಕೊಂದು ರಾತ್ರಿ ಗಂಡಸರು ಬಡಿಸುವುದೆಂದಾಗಿದೆ. ರೊಟ್ಟಿ ಬಡಿಯುವ ವಿದ್ಯೆ ನಮಗೆ ಇನ್ನೂ ಒಲಿದಿಲ್ಲವಾಗಿ, ಸದ್ಯಕ್ಕೆ ಬಿಸಿ ಅನ್ನ, ಸಾರಿನಲ್ಲಿಯೇ ನಡೆಯುತ್ತಿದೆ.

ಇನಾಮಿನ ಲೆಕ್ಕವೊಂದು ಉಳಿದಿತ್ತು. ದೋಣಿಯಲ್ಲಿ ಮೂವರು ಇರುತ್ತಾರೆ: ನಡೆಸುವವನು, ಅವನ ಸಹಾಯಕ, ಅಡಿಗೆಯವನು. ಕಡೆಗೆ ಉಳಿದರೆ ಕೊಡೋಣವೆಂದರೆ ಪ್ರಯಾಣದಲ್ಲಿ ಕಡೆಗೆ ಉಳಿಯುವುದೇನೂ ಇಲ್ಲ. ಆದುದರಿಂದ ಅದನ್ನು ಮೊದಲೇ ಎತ್ತಿಡುವುದು ಒಳ್ಳೆಯದೆಂದೆ. ನನ್ನ ಹೆಂಡತಿ ಆ ಹಣವನ್ನು ಎಣಿಸಿ, ಮೂರು ಪಾಲು ಮಾಡಿ, ಅಡಿಗೆಯವನ ಪಾಲಿಗೆ ತನ್ನ ಡಬ್ಬಿಯಿಂದ ಇನ್ನಷ್ಟು ಸೇರಿಸಿದಳು. “ಆತ ನಮಗೆಲ್ಲಾ ಬಡಿಸಿ ಕಡೀಗೆ ಉಣ್ಣೋನಲ್ಲ” ಎಂದಳು.