ನೀರಿನ ಲೆಕ್ಕ ಇಟ್ಟವರ ಊರುಗಳು

ದಶಪಥ ಹೆದ್ದಾರಿ 2023ರಲ್ಲಿ ತೆರೆದ ಮೇಲೆ ಬೆಂಗಳೂರಿನಿಂದ ಮೈಸೂರಿಗೆ ಹೋಗುವವರಿಗೆ ಮಂಡ್ಯ ಸೀಮೆ ಕಣ್ಣಿಗೆ ಬೀಳುವುದೇ ಕಡಿಮೆ. ಮದ್ದೂರು, ಮಂಡ್ಯ ಎರಡೂ ಬದಿಗೆ ಸರಿದುಬಿಟ್ಟಿವೆ. ನಾನು ಬೇಕೆಂದೇ ಹಳೆಯ ರಸ್ತೆಯ ಕೆಂಪು ಬಸ್ಸು ಹತ್ತಿದೆ. ಮದ್ದೂರು, ಮಂಡ್ಯ, ಮಳವಳ್ಳಿ, ಈ ಮೂರು ತಾಲ್ಲೂಕುಗಳಲ್ಲಿ ಹುಟ್ಟಿದವರು, ಬಂದು ಬಾಳಿದವರು ಯಾರು ಯಾರು, ಅವರ ಊರುಗಳು ಅವರನ್ನು ಹೇಗೆ ನೆನೆಯುತ್ತವೆ ಎಂದು ಊರೂರು ಇಳಿದು ಕೇಳಬೇಕೆಂಬುದು ಬಹಳ ಕಾಲದ ಆಸೆಯಾಗಿತ್ತು.

ಮೊದಲು ಇಳಿದದ್ದು ನಿಡಘಟ್ಟದಲ್ಲಿ. ಹೆದ್ದಾರಿ ಕಟ್ಟಿದವರಿಗೆ ಇದು ಕಾಮಗಾರಿಯ ಎರಡು ಭಾಗಗಳು ಸೇರುವ ಗಡಿ. ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರಿಗೆ ಇದು ಸಿದ್ದಪ್ಪಾಜಿಯ ಹುಟ್ಟೂರು. ಮಂಟೇಸ್ವಾಮಿ ಕಾವ್ಯದಲ್ಲಿ ಇಲ್ಲಿನ ಆಚಾರಿ ಮನೆಯ ಹುಡುಗ ಕೆಂಪಾಚಾರಿಯನ್ನು ಮಂಟೇಸ್ವಾಮಿ ಶಿಶುಮಗನಾಗಿ ಕೇಳುತ್ತಾರೆ. ತಂದೆತಾಯಿ ಕೊಡಲೊಲ್ಲರು, ಕೊನೆಗೆ ಕೊಡದೆ ವಿಧಿಯಿಲ್ಲ. ಆ ಹುಡುಗನೇ ಸಿದ್ದಪ್ಪಾಜಿಯಾಗಿ ಮಳವಳ್ಳಿ ತಾಲ್ಲೂಕಿನ ಹಲಗೂರಿಗೆ ಹೋಗಿ ಪಾಂಚಾಳರ ಮುಂದೆ ಕಬ್ಬಿಣದ ಭಿಕ್ಷೆಗೆ ನಿಲ್ಲುತ್ತಾನೆ. ಇದು ಇತಿಹಾಸವೋ ಐತಿಹ್ಯವೋ ಎಂಬ ತಕರಾರು ನನಗೆ ಬೇಕಾಗಿರಲಿಲ್ಲ. ಟೀ ಅಂಗಡಿಯ ಹಿರಿಯರನ್ನು "ನಿಮ್ಮೂರಿನ ದೊಡ್ಡ ಮನುಷ್ಯರು ಯಾರು?" ಎಂದು ಕೇಳಿದೆ. "ಸಿದ್ದಪ್ಪಾಜಿ ಬುಟ್ರೆ ಇನ್ಯಾರವ್ರೆ ಸಾ?" ಎಂದರು. ಮಂತ್ರಿ, ನಟ, ಸಾಹುಕಾರ, ಯಾರೂ ಅವರ ಬಾಯಿಗೆ ಮೊದಲು ಬರಲಿಲ್ಲ. ನನಗೆ ಅದು ಹಿತವಾಯಿತು.

ಅಲ್ಲಿಂದ ಮದ್ದೂರಿನ ಕಡೆಗೆ ಸ್ವಲ್ಪ ದೂರ ಬಂದರೆ ಸೋಮನಹಳ್ಳಿ. ಎಸ್.ಎಂ. ಕೃಷ್ಣ ಹುಟ್ಟಿದ್ದು 1932ರ ಮೇ 1ರಂದು ಈ ಊರಿನಲ್ಲಿ. 2024ರ ಡಿಸೆಂಬರ್ 11ರಂದು ಚಿತೆಯೇರಿದ್ದೂ ಈ ಊರಿನ ಮಣ್ಣಿನಲ್ಲೇ. ನಡುವಿನ ತೊಂಬತ್ತೆರಡು ವರ್ಷಗಳಲ್ಲಿ ಎಲ್ಲೆಲ್ಲಿ ತಿರುಗಿದರು! ಫುಲ್‌ಬ್ರೈಟ್ ವಿದ್ಯಾರ್ಥಿಯಾಗಿ ಅಮೆರಿಕದಲ್ಲಿ ಕಾನೂನು ಓದುತ್ತಿದ್ದಾಗ 1960ರ ಚುನಾವಣೆಯಲ್ಲಿ ಕೆನಡಿ ಪರವಾಗಿ ಅಲ್ಲಿನ ಭಾರತೀಯರ ನಡುವೆ ಪ್ರಚಾರ ಮಾಡಿದರು. ಗೆದ್ದ ಕೆನಡಿ ಧನ್ಯವಾದದ ಪತ್ರ ಬರೆದರು. ಅದಾಗಿ ಎರಡೇ ವರ್ಷಕ್ಕೆ, 1962ರಲ್ಲಿ, ಮದ್ದೂರಿನಿಂದ ಪಕ್ಷೇತರರಾಗಿ ನಿಂತರು. ಎದುರಿಗೆ ಕಾಂಗ್ರೆಸ್ಸಿನ ಕೆ.ವಿ. ಶಂಕರಗೌಡರು. ಅವರ ಪರವಾಗಿ ಪ್ರಚಾರಕ್ಕೆ ಬಂದವರು ಸ್ವತಃ ನೆಹರೂ. ಗೆದ್ದದ್ದು ಕೃಷ್ಣ. ಸೋತ ಶಂಕರಗೌಡರೇನು ಸಣ್ಣವರಲ್ಲ. ಅದೇ 1962ರಲ್ಲಿ ಮಂಡ್ಯಕ್ಕೆ ಪಿಇಎಸ್ ಎಂಜಿನಿಯರಿಂಗ್ ಕಾಲೇಜು ತಂದುಕೊಟ್ಟವರು ಅವರು. ಜನ ಅವರನ್ನು ಇವತ್ತಿಗೂ ನಿತ್ಯಸಚಿವ ಎಂದೇ ಕರೆಯುತ್ತಾರೆ. ಒಂದೇ ವರ್ಷ ಒಬ್ಬರು ಗೆದ್ದು, ಇನ್ನೊಬ್ಬರು ಕಾಲೇಜು ಕಟ್ಟಿ, ಇಬ್ಬರೂ ಉಳಿದರು.

ಕೃಷ್ಣರ ಬಗ್ಗೆ ಸೋಮನಹಳ್ಳಿಯಲ್ಲಿ ಮಾತು ಎತ್ತಿದರೆ ಅದು ಕಾವೇರಿಗೆ ಬಂದು ನಿಲ್ಲುತ್ತದೆ. 2002ರಲ್ಲಿ ಮುಖ್ಯಮಂತ್ರಿಯಾಗಿದ್ದ ಅವರು ಬೆಂಗಳೂರಿನಿಂದ ಮಂಡ್ಯದ ಕಡೆಗೆ ಪಾದಯಾತ್ರೆ ಹೊರಟರು. ತಮಿಳುನಾಡಿಗೆ ನೀರು ಬಿಡಬೇಕೆಂಬ ಸುಪ್ರೀಂ ಕೋರ್ಟಿನ ಆದೇಶ ಒಂದು ಕಡೆ, ಒಣಗುತ್ತಿದ್ದ ಭತ್ತದ ಗದ್ದೆ ಇನ್ನೊಂದು ಕಡೆ. ಕೊನೆಗೆ ನೀರು ಬಿಡಲೇಬೇಕಾಯಿತು. ರಸ್ತೆ ಬದಿಯಲ್ಲಿ ಎಳನೀರು ಕೊಚ್ಚುತ್ತಿದ್ದ ಯಜಮಾನರು, "ನಡ್ಕಂಡ್ ಬಂದ್ರು ಕಣ್ ಸಾ, ಅದು ಸುಳ್ಳಲ್ಲ. ಆದ್ರೆ ನೀರು ಹೋಯ್ತು, ಅದೂ ಸುಳ್ಳಲ್ಲ" ಎಂದರು. ಭೂಮಿ, ಯಶಸ್ವಿನಿ, ಸ್ತ್ರೀಶಕ್ತಿ ಯೋಜನೆಗಳನ್ನು ತಂದವರ ಹುಟ್ಟೂರಿನಲ್ಲಿ ನೀರಿನದೇ ಲೆಕ್ಕ ಮೊದಲು. ಆಗ ನನಗೆ ಹೊಳೆಯಿತು: ಈ ಸೀಮೆಯಲ್ಲಿ ಯಾರು ಎಷ್ಟು ದೊಡ್ಡವರಾದರೂ ನೀರಿನ ಲೆಕ್ಕ ಒಪ್ಪಿಸದೆ ಬಿಡುಗಡೆಯಿಲ್ಲ. ಉಳಿದ ದಾರಿಯುದ್ದಕ್ಕೂ ಅದೇ ಪ್ರಶ್ನೆ ಹಿಡಿದು ನಡೆದೆ.

ಮದ್ದೂರು ಸೇರುವ ಮುಂಚೆ ಶಿಂಷಾ ದಂಡೆಯ ಶಿವಪುರ. 1938ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಇಲ್ಲಿ ಸೇರಿತು. ನಿಷೇಧಾಜ್ಞೆ ಮುರಿದು ತ್ರಿವರ್ಣ ಧ್ವಜ ಹಾರಿತು. ಮುಂದೆ ನಿಂತು ನಡೆಸಿದವರಲ್ಲಿ ಮದ್ದೂರಿನ ಎಚ್.ಕೆ. ವೀರಣ್ಣಗೌಡರು, ಸಾಹುಕಾರ್ ಚನ್ನಯ್ಯನವರು ಇದ್ದರು. ಸಭೆ ಸೇರಿದ್ದು ತಿರುಮಲೇಗೌಡರ ಜಮೀನಿನಲ್ಲಿ. ಸರ್ಕಾರದ ಕಣ್ಣು ಕೆಂಪಾಗಿದ್ದ ಹೊತ್ತಿನಲ್ಲಿ ಹೊಲವನ್ನೇ ಬಿಟ್ಟುಕೊಟ್ಟ ರೈತನ ಧೈರ್ಯ ಭಾಷಣ ಮಾಡಿದವರ ಧೈರ್ಯಕ್ಕಿಂತ ಒಂದು ತೂಕ ಹೆಚ್ಚೇ ಎಂದು ನನ್ನ ಎಣಿಕೆ. ಭಾಷಣಕಾರರು ಜೈಲು ಮುಗಿಸಿ ಬೇರೆ ಊರಿಗೆ ಹೋಗಬಹುದು, ಜಮೀನು ಎಲ್ಲಿಗೆ ಹೋದೀತು? ಇದಾಗಿ ಎರಡು ವಾರಕ್ಕೆ ವಿದುರಾಶ್ವತ್ಥದಲ್ಲಿ ಹೀಗೇ ಧ್ವಜ ಹಾರಿಸಲು ಸೇರಿದವರ ಮೇಲೆ ಪೊಲೀಸರ ಗುಂಡು ಹಾರಿತು.

ಮದ್ದೂರಿನಲ್ಲಿ ವಡೆ ತಿನ್ನದೆ ಬರುವುದುಂಟೇ? ಈ ವಡೆಯೂ ಬಂದು ನೆಲೆಸಿದವರೊಬ್ಬರ ಕೊಡುಗೆ. ಕುಂದಾಪುರದ ಕಡೆಯ ರಾಮಚಂದ್ರ ಬುಧ್ಯರು 1917ರಲ್ಲಿ ರೈಲು ನಿಲ್ದಾಣದಲ್ಲಿ ಇದನ್ನು ಶುರುಮಾಡಿದರೆಂದು ಹೇಳುತ್ತಾರೆ. ಪಕೋಡದ ಹಿಟ್ಟನ್ನೇ ಅವಸರಕ್ಕೆ ತಟ್ಟಿ ಎಣ್ಣೆಗೆ ಬಿಟ್ಟದ್ದಂತೆ. ಅಕ್ಕಿಹಿಟ್ಟು, ರವೆ, ಮೈದಾ, ಹೆಚ್ಚಿದ ಈರುಳ್ಳಿ, ಇಷ್ಟೇ. ನೂರು ವರ್ಷ ದಾಟಿಯೂ ಊರಿನ ಹೆಸರನ್ನು ಹೊತ್ತು ತಿರುಗುತ್ತಿದೆ.

ಬೆಸಗರಹಳ್ಳಿಗೆ ಹೋದದ್ದು ರಾಮಣ್ಣನವರಿಗಾಗಿ. ಈ ಪ್ರವಾಸದಲ್ಲಿ ನಾನು ಹೆಚ್ಚು ಹೊತ್ತು ಕಳೆದ ಊರುಗಳಲ್ಲಿ ಇದೊಂದು. ಡಾ. ಬೆಸಗರಹಳ್ಳಿ ರಾಮಣ್ಣ 1938ರಲ್ಲಿ, ಅಂದರೆ ಶಿವಪುರದ ವರ್ಷದಲ್ಲೇ ಹುಟ್ಟಿದವರು. 1998ರಲ್ಲಿ ತೀರಿಕೊಂಡರು. ವೃತ್ತಿಯಲ್ಲಿ ವೈದ್ಯರು. ಸ್ವಾತಂತ್ರ್ಯ ಬಂತು, ಅಣೆಕಟ್ಟಿನ ನೀರೂ ಬಂತು, ಆದರೆ ಬಡವನ ಮನೆಗೆ ಏನು ಬಂತು ಎಂಬ ಪ್ರಶ್ನೆಯನ್ನು ಅವರ ಕಥೆಗಳು ಬಿಡದೆ ಕೇಳಿದವು. ‘ಗಾಂಧಿ’ ಕಥೆಯನ್ನು ಪಠ್ಯದಲ್ಲಿ ಓದಿದವರು ಸಾವಿರಾರು ಮಂದಿ. ಆಸ್ಪತ್ರೆಗೆ ಬಂದ ಹಳ್ಳಿಯ ರೋಗಿಯ ಪಾಡು ಹೇಗಿರುತ್ತದೆಂಬುದನ್ನು ಸ್ಟೆತಾಸ್ಕೋಪು ಹಿಡಿದ ಕೈಯೇ ಬರೆದದ್ದರಿಂದ ಅದರಲ್ಲಿ ಒಂದಕ್ಷರವೂ ಸುಳ್ಳೆನಿಸುವುದಿಲ್ಲ. ‘ನೆಲದ ಒಡಲು’ ಸಂಕಲನವನ್ನು ನಾನು ಚೀಲದಲ್ಲಿಟ್ಟುಕೊಂಡೇ ಹೋಗಿದ್ದೆ. ಅರಳಿಕಟ್ಟೆಯ ಮೇಲೆ ಕುಳಿತು ಓದುತ್ತಿದ್ದಾಗ ದನ ಹೊಡೆದುಕೊಂಡು ಬಂದ ಹೆಂಗಸೊಬ್ಬರು ನಿಂತು, "ಡಾಕ್ಟ್ರು ಬುಕ್ಕಾ?" ಎಂದು ಕೇಳಿದರು. ಅವರಿಗೆ ಓದಲು ಬರುತ್ತಿರಲಿಲ್ಲ. ಒಂದು ಪುಟ ಓದಿ ಹೇಳಿ ಎಂದರು. ಓದಿದೆ. ಕಥೆಯೊಳಗಿನ ಮಾತು ಅವರ ಬಾಯಿಯ ಮಾತೇ ಆಗಿತ್ತು. "ಇಂಗೇಯಾ ಮಾತಾಡದು ನಾವು" ಎಂದು ದನದ ಹಿಂದೆ ಹೋದರು. ಪ್ರಶಸ್ತಿಗಳ ಪಟ್ಟಿ ಏನೇ ಇರಲಿ, ಒಬ್ಬ ಲೇಖಕನಿಗೆ ತನ್ನ ಊರಿನಿಂದ ಇದಕ್ಕಿಂತ ದೊಡ್ಡ ಒಪ್ಪಿಗೆ ಸಿಗಲಾರದು.

ಮಂಡ್ಯ ಪಟ್ಟಣಕ್ಕೆ ಬಂದಾಗ ಸಕ್ಕರೆ ಕಾರ್ಖಾನೆಯ ದಾರಿ ಹಿಡಿದೆ. 1939ರ ಜುಲೈ 1ರಂದು ಮೈಸೂರಿನಿಂದ ಬೇರೆಯಾಗಿ ಜಿಲ್ಲೆಯಾದ ಈ ಊರಿಗೆ ಆ ಯೋಗ್ಯತೆ ತಂದುಕೊಟ್ಟದ್ದು ನಾಲೆ ಮತ್ತು ಕಬ್ಬು. ಕಬ್ಬಿನ ಹಿಂದೆ ಒಬ್ಬ ಕೆನಡಾದವರಿದ್ದರು: ಲೆಸ್ಲಿ ಕೋಲ್ಮನ್. ಒಂಟಾರಿಯೋದಲ್ಲಿ ಹುಟ್ಟಿ, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ವಿಜ್ಞಾನಿ. ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಮದ್ದನ್ನು ತೋಟಗಾರರ ಕೈಗಿಟ್ಟವರು. ಕೃಷಿ ನಿರ್ದೇಶಕರಾಗಿ, ಕನ್ನಂಬಾಡಿ ಅಣೆಕಟ್ಟಿನ ನೀರು ಹೊಸದಾಗಿ ಹರಿದ ಬಯಲಿನಲ್ಲಿ ಏನು ಬೆಳೆಯಬೇಕೆಂದು ತಲೆ ಕೆಡಿಸಿಕೊಂಡರು. ಕೃಷಿ ಸಂಶೋಧನೆಯ ವಿ.ಸಿ. ಫಾರಂ ಆ ಹುಡುಕಾಟದ ಫಲ, 1933ರ ಮೈಸೂರು ಸಕ್ಕರೆ ಕಂಪನಿಯೂ ಆ ಹುಡುಕಾಟದ ಫಲವೇ. ರಾಗಿ ಬೆಳೆಯುತ್ತಿದ್ದ ರೈತನನ್ನು ಕಬ್ಬಿಗೆ ಒಪ್ಪಿಸಿ, ಕಾರ್ಖಾನೆಯಲ್ಲಿ ಷೇರನ್ನೂ ಕೊಳ್ಳುವಂತೆ ಮಾಡುವುದು ಸುಲಭದ ಕೆಲಸವಾಗಿರಲಿಲ್ಲ. ಕೋಲ್ಮನ್ ಕೆನಡಾಕ್ಕೆ ಮರಳಿ 1954ರಲ್ಲಿ ತೀರಿಕೊಂಡರು. ಕೆಲವು ವರ್ಷ ನಿಂತಿದ್ದ ಕಾರ್ಖಾನೆ 2022ರಲ್ಲಿ ಮತ್ತೆ ಕಬ್ಬು ಅರೆಯಲು ತೊಡಗಿದೆ. ಗೇಟಿನ ಎದುರು ಕಬ್ಬಿನ ಗಾಡಿ ನಿಲ್ಲಿಸಿಕೊಂಡಿದ್ದ ಹುಡುಗನಿಗೆ ಕೋಲ್ಮನ್ ಹೆಸರು ಗೊತ್ತಿತ್ತು. "ನಮ್ ತಾತ ಏಳೋರು, ದೊರೆ ಗದ್ದೆಗೆ ಇಳೀತಿದ್ರಂತೆ" ಎಂದ.

ವಿ.ಸಿ. ಫಾರಂನಲ್ಲೇ ಮುಂದೆ ‘ರೈಸ್ ಮಹದೇವಪ್ಪ’ ಎಂದು ಹೆಸರಾದ ಡಾ. ಎಂ. ಮಹದೇವಪ್ಪನವರು ದುಡಿದರು. ಕೆಆರ್‌ಎಚ್ ಹೈಬ್ರಿಡ್ ಭತ್ತಗಳು ಇಲ್ಲಿಂದಲೇ ಹೊರಬಂದವು. ಇಲ್ಲಿಂದ ಬಹಳ ದೂರವೇನಲ್ಲದ ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಗನಿ ಖಾನ್ ನೂರಾರು ನಾಟಿ ಭತ್ತದ ತಳಿಗಳನ್ನು ಬೆಳೆದು ಕಾಪಾಡುತ್ತಿದ್ದಾರೆ. ಬೆಳೆ ಹೆಚ್ಚಿಸಿದವರೂ ಬೀಜ ಉಳಿಸಿದವರೂ ಒಂದೇ ಜಿಲ್ಲೆಯಲ್ಲಿ ಇದ್ದದ್ದು ನಮ್ಮ ಪುಣ್ಯ.

ಮಾರನೆಯ ಬೆಳಿಗ್ಗೆ ಕೆ.ಎಂ. ದೊಡ್ಡಿಯ ಕಡೆ ಹೊರಟಾಗ ದಾರಿಯುದ್ದಕ್ಕೂ ಆಲೆಮನೆಗಳ ಹೊಗೆ, ಕುದಿಯುವ ಕಬ್ಬಿನ ಹಾಲಿನ ವಾಸನೆ. ದೊಡ್ಡರಸಿನಕೆರೆಯಲ್ಲಿ ಅಂಬರೀಶ್ ಹೆಸರು ಹೇಳಿದರೆ ಸಾಕು, ಕುಳಿತವರು ಎದ್ದು ಮಾತಾಡುತ್ತಾರೆ. 1952ರಲ್ಲಿ ಇಲ್ಲಿ ಹುಟ್ಟಿದ ಅಮರನಾಥ್, ಪಿಟೀಲು ಚೌಡಯ್ಯನವರ ಮೊಮ್ಮಗ, 1972ರ ‘ನಾಗರಹಾವು’ ಚಿತ್ರದ ಜಲೀಲನಾಗಿ ನಾಡಿಗೆಲ್ಲ ಗೊತ್ತಾದರು. ಅವರನ್ನು ನೆನೆಯುವವರು ಡೈಲಾಗು ಹೇಳುತ್ತಾರೆಂದುಕೊಂಡಿದ್ದೆ. ಅಲ್ಲಿ ಕೇಳಿದ್ದು ಬೇರೆ ಮಾತು. 2007ರಲ್ಲಿ ಕಾವೇರಿ ನ್ಯಾಯಮಂಡಳಿಯ ಅಂತಿಮ ತೀರ್ಪು ಬಂದಾಗ ಕೇಂದ್ರದ ಮಂತ್ರಿ ಪದವಿಗೆ ರಾಜೀನಾಮೆ ಕೊಟ್ಟದ್ದನ್ನೇ ಜನ ಮತ್ತೆ ಮತ್ತೆ ಹೇಳಿದರು. 2018ರ ನವೆಂಬರ್‌ನಲ್ಲಿ ತೀರಿಕೊಂಡಾಗ ಶರೀರವನ್ನು ಮಂಡ್ಯಕ್ಕೆ ತಂದರು. ಇಡೀ ರಾತ್ರಿ ಸಾಲಿನಲ್ಲಿ ನಿಂತಿದ್ದ ಕಥೆಯನ್ನು ಒಬ್ಬೊಬ್ಬರೂ ತಮ್ಮ ಮನೆಯ ಸಾವಿನಂತೆ ಹೇಳಿಕೊಳ್ಳುತ್ತಾರೆ.

ಕೆ.ಎಂ. ದೊಡ್ಡಿ ಜಿ. ಮಾದೇಗೌಡರ ಕರ್ಮಭೂಮಿ. ಗುರುದೇವರಹಳ್ಳಿಯಲ್ಲಿ ಹುಟ್ಟಿದ ಅವರು ಶಾಸಕರಾಗಿ, ಸಂಸದರಾಗಿ, ಕೊನೆಗೆ ಕಾವೇರಿ ಹಿತರಕ್ಷಣಾ ಸಮಿತಿಯ ಮುಂದಾಳಾಗಿ ಬೀದಿಯಲ್ಲೇ ಬದುಕು ಸವೆಸಿದರು. ಭಾರತೀ ವಿದ್ಯಾಸಂಸ್ಥೆ ಅವರೇ ಕಟ್ಟಿದ್ದು. 2002ರಲ್ಲಿ ವಿಧಾನಸೌಧದಲ್ಲಿ ಕುಳಿತವರೂ ಮದ್ದೂರು ತಾಲ್ಲೂಕಿನವರು, ನೀರು ಬಿಡಬೇಡಿ ಎಂದು ಹೋರಾಟ ನಡೆಸಿದವರೂ ಅದೇ ತಾಲ್ಲೂಕಿನವರು. ತೊಂಬತ್ತು ದಾಟಿದ ಮೇಲೆ, 2021ರಲ್ಲಿ, ಮಾದೇಗೌಡರು ಹೋದರು.

ಮದ್ದೂರಿನಿಂದ ಮಳವಳ್ಳಿ ಮಾರ್ಗವಾಗಿ ಶಿವನಸಮುದ್ರದತ್ತ ಇಳಿಯುವಾಗ ನೂರಿಪ್ಪತ್ತು ವರ್ಷಗಳ ಹಿಂದಿನ ಇನ್ನೊಂದು ಮೆರವಣಿಗೆ ನೆನಪಾಯಿತು. ಮದ್ದೂರು ನಿಲ್ದಾಣದಲ್ಲಿ ಇಳಿಸಿದ ಭಾರಿ ಯಂತ್ರಗಳನ್ನು ಎತ್ತು, ಆನೆಗಳಿಂದ ಎಳೆಸಿ ಕಾವೇರಿ ದಂಡೆಗೆ ಸಾಗಿಸಿದ್ದರು. ಅಲ್ಲಿನ ಜಲವಿದ್ಯುತ್ ಯೋಜನೆಯ ಕನಸು ಕಂಡ ಎಂಜಿನಿಯರ್ ಜಾಲಿ ದ ಲಾಟ್ಬಿನಿಯೇರ್ ಕೂಡ ಕೆನಡಾದ ಮನೆತನದವರು. ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು. ದಿವಾನ್ ಶೇಷಾದ್ರಿ ಅಯ್ಯರ್ ಒತ್ತಾಸೆಯಾಗಿ ನಿಂತರು. ಜನ ಇವತ್ತಿಗೂ ‘ಬ್ಲಫ್’ ಎಂದೇ ಕರೆಯುವ ಕಾಲೋನಿಯಲ್ಲಿ ದೂರದೇಶದ ಎಂಜಿನಿಯರುಗಳು ಬಿಡಾರ ಹೂಡಿದ್ದರು. 1902ರ ಜೂನ್ 30ರಂದು ಇಲ್ಲಿಂದ 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿಯಿತು, 1905ರಲ್ಲಿ ಬೆಂಗಳೂರಿಗೂ ಹರಿಯಿತು. ಸುತ್ತಲಿನ ಹಳ್ಳಿಗಳು ಮಾತ್ರ ಬಹುಕಾಲ ಸೀಮೆಎಣ್ಣೆ ಬುಡ್ಡಿಯಲ್ಲೇ ಕಳೆದವು. ಆ ಮಾತನ್ನೂ ಸೇರಿಸಿ ಹೇಳದಿದ್ದರೆ ಲೆಕ್ಕ ತಪ್ಪುತ್ತದೆ.

ಇಷ್ಟು ಹೊತ್ತೂ ಕೇಳಿದ್ದೆಲ್ಲ ಗಂಡಸರ ಹೆಸರು. ಮಳವಳ್ಳಿ ಬಸ್ ನಿಲ್ದಾಣದಲ್ಲಿ ವೃತ್ತಿ ರಂಗಭೂಮಿಯ ಮಳವಳ್ಳಿ ಸುಂದರಮ್ಮನವರನ್ನು ಕೇಳಿದೆ. ಊರಿನ ಹೆಸರನ್ನು ನಾಡಿನ ರಂಗಮಂಟಪಗಳಿಗೆ ಒಯ್ದ ಆ ನಟಿಯ ಬಗ್ಗೆ ನಾನು ಮಾತಾಡಿಸಿದ ಯಾರಿಗೂ ತಿಳಿದಿರಲಿಲ್ಲ. ಮನಸ್ಸಿಗೆ ನೋವಾಯಿತು.

ಕೊನೆಗೆ ದಾಸನದೊಡ್ಡಿ. ಇಲ್ಲಿಗೆ ನಾಲೆಯ ಭಾಗ್ಯವಿಲ್ಲ, ಮಳೆಯೇ ಗತಿ. ಈ ಊರಿನ ಕುರಿಗಾಹಿ ಕಾಮೇಗೌಡರು ಪಕ್ಕದ ಕುಂದೂರು ಬೆಟ್ಟದಲ್ಲಿ ಕುರಿ ಮೇಯಿಸುವಾಗ ಪ್ರಾಣಿಪಕ್ಷಿಗಳಿಗೆ ಕುಡಿಯಲು ನೀರಿಲ್ಲವೆಂದು ಕಂಡು ಗುಂಡಿ ತೋಡಲು ಶುರುಮಾಡಿದರು. ಕುರಿ ಮಾರಿದ ದುಡ್ಡು, ಆಮೇಲೆ ಬಂದ ಪ್ರಶಸ್ತಿಯ ದುಡ್ಡು, ಎಲ್ಲವೂ ಕಟ್ಟೆಗಳಿಗೇ. ಹದಿನಾಲ್ಕು ಎಂದವರುಂಟು, ಹದಿನಾರು ಎಂದವರುಂಟು. ಮೇಲಿನ ಕಟ್ಟೆ ತುಂಬಿದರೆ ಕೆಳಗಿನದಕ್ಕೆ ನೀರು ಇಳಿಯುವಂತೆ ಜೋಡಿಸಿದ್ದರು. ಶಾಲೆ ಓದದ ಮನುಷ್ಯ ಇಳಿಜಾರನ್ನು ಓದಿದ್ದರು. 2020ರ ಜೂನ್‌ನಲ್ಲಿ ಪ್ರಧಾನಿ ‘ಮನ್ ಕಿ ಬಾತ್’ನಲ್ಲಿ ಹೆಸರು ಹೇಳಿದ ಮೇಲೆ ದೇಶಕ್ಕೆ ಗೊತ್ತಾದರು. 2022ರ ಅಕ್ಟೋಬರ್ 17ರಂದು ಎಂಬತ್ತು ದಾಟಿದ ವಯಸ್ಸಿನಲ್ಲಿ ತೀರಿಕೊಂಡರು.

ಈ ದಾರಿಯಲ್ಲಿ ಕಂಡ ಎಲ್ಲರಿಗಿಂತ ನನಗೆ ಕಾಮೇಗೌಡರೇ ದೊಡ್ಡವರು. ನೀರಿಗಾಗಿ ಕೋರ್ಟು, ಪದವಿ, ಪಾದಯಾತ್ರೆ ಎಲ್ಲ ಕಂಡ ಜಿಲ್ಲೆಯಲ್ಲಿ, ಯಾರ ಪಾಲನ್ನೂ ಕೇಳದೆ ಬಿದ್ದ ಮಳೆಯನ್ನು ಹಿಡಿದಿಟ್ಟವರು ಅವರು.

ಬೆಟ್ಟದ ಬುಡದಲ್ಲಿ ಕುರಿ ಬಿಟ್ಟುಕೊಂಡಿದ್ದ ಯುವಕನೊಬ್ಬ ನನ್ನ ಜೊತೆ ಒಂದು ಕಟ್ಟೆಯವರೆಗೆ ಬಂದ. "ಪೇಪರ್‌ಗೆ ಬರ್ಯೋರಾ ಸಾ? ಬರ್ಯಂಗಿದ್ರೆ ಊಳಿನ್ ಸುದ್ದಿ ಬರೀರಿ. ಗೌಡ್ರು ಇದ್ದಾಗ ಅವ್ರೇ ತೆಗೀತಿದ್ರು" ಎಂದ. ಬೆಟ್ಟದ ಮಣ್ಣು ಪ್ರತಿ ಮಳೆಗೂ ಕೊಚ್ಚಿ ಬರುತ್ತದೆ, ಅಂಚು ಕುಸಿಯುತ್ತದೆ. ಏಪ್ರಿಲ್–ಮೇನಲ್ಲಿ ಕಟ್ಟೆ ಒಣಗಿರುವಾಗ ಹೂಳೆತ್ತಿ, ಒಂದರಿಂದ ಇನ್ನೊಂದಕ್ಕೆ ನೀರಿಳಿಯುವ ಕಾಲುವೆಯ ಕಸ ತೆಗೆದರೆ ಮುಂಗಾರಿಗೆ ಮತ್ತೆ ತುಂಬುತ್ತದೆ. ಉದ್ಯೋಗ ಖಾತ್ರಿಯಲ್ಲಿ ಮಾಡಿಸಬಹುದಾದ ಕೆಲಸ ಇದು. ಯಾವ ಕಟ್ಟೆಗೆ ಎಷ್ಟು ಆಳದ ಹೂಳು ಕೂತಿದೆ ಎಂದು ಅವನು ಕೋಲು ಊರಿ ತೋರಿಸುತ್ತಾ ಹೋದ, ನಾನು ಬರೆದುಕೊಳ್ಳುತ್ತಾ ಹೋದೆ.